ಹೆದ್ದಾರಿಯ ಹೋಟೆಲ್ಲು ಊರಿಗೆ ಸೇರಿದ್ದು

ಹೆದ್ದಾರಿ ಬದಿಯ ಜಮೀನನ್ನೆಲ್ಲ ಪುರಸಭೆಗೆ ಸೇರಿಸಿಕೊಳ್ಳುತ್ತಾರಂತೆ ಎಂಬ ಸುದ್ದಿ ಬಂದ ದಿನ ನಾನು ಹೋಟೆಲ್ಲಿನ ಕಟ್ಟೆಯ ಮೇಲೆ ನಿಂತು ಚಪ್ಪಾಳೆ ತಟ್ಟಿದೆ. ಐವತ್ತು ದಾಟಿದ ಹೆಂಗಸು ಹಾಗೆಲ್ಲ ಕುಣಿಯಬಾರದು ಎಂದು ಯಾರಾದರೂ ಹೇಳುವುದಿದ್ದರೆ ಹೇಳಿಕೊಳ್ಳಲಿ. ಟ್ಯಾಂಕರಿನ ನೀರಿಗೆ ದಾರಿ ಕಾಯ್ದು ನನಗೆ ಸಾಕುಸಾಕಾಗಿತ್ತು. ಊರಿಗೆ ಸೇರಿದರೆ ನಳ ಬರುತ್ತದೆ, ಬೀದಿ ದೀಪ ಬರುತ್ತದೆ, ಚರಂಡಿ ಬರುತ್ತದೆ, ಸುತ್ತ ಅಂಗಡಿ ಮುಂಗಟ್ಟು ಎದ್ದು ಗಿರಾಕಿ ಬರುತ್ತಾರೆ. ಗಡಿಕಲ್ಲಿನ ಆಚೆ ಕತ್ತಲಲ್ಲಿ ಒಲೆ ಹಚ್ಚುತ್ತ ಬಂದವಳಿಗೆ ಇನ್ನೇನು ಬೇಕು? ಆ ದಿನ ಬಂದವರಿಗೆಲ್ಲ ಚಹಾದ ಜೊತೆ ಒಂದೊಂದು ಭಜಿ ಪುಕ್ಕಟೆ ಕೊಟ್ಟೆ. ನನ್ನ ಗಂಡ ಈರಬಸಪ್ಪ ಅಡುಗೆಮನೆಯಿಂದ ಹಣಿಕಿ ನೋಡಿ ಹಣೆ ಚಚ್ಚಿಕೊಂಡರು.

ಅವರು ಹಣೆ ಚಚ್ಚಿಕೊಂಡರೇ ಹೊರತು ಬಾಯಿ ಬಿಡಲಿಲ್ಲ. ಅವರು ಅಪ್ಪಟ ನಮ್ಮೂರಿನವರು. ನಮ್ಮೂರಿನ ಗಡಿಯೊಳಗೆ ಆಡಿದ ಮಾತು ಮರುದಿನ ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಅದೇ ದನಿಯಲ್ಲಿ ಇನ್ನೊಮ್ಮೆ ಕೇಳುತ್ತದೆ. ಒಂದೇ ಸಲ. ಮನುಷ್ಯರು ಬಾಯಿಬಿಟ್ಟು ಆಡಿದ್ದು ಮಾತ್ರ. ನಾಯಿ ಬೊಗಳಿದ್ದು, ಲಾರಿಯ ಹಾರ್ನು, ರೇಡಿಯೋದ ಹಾಡು ಯಾವುದೂ ತಿರುಗಿ ಬರುವುದಿಲ್ಲ. ಇದಕ್ಕೆ ನಾವು ಮರುದನಿ ಎನ್ನುತ್ತೇವೆ. ಶಾಲೆಯ ಮಾಸ್ತರರು ಒಂದು ದಿನ ಪಾಠ ಹೇಳಿ ಮರುದಿನ ಕುರ್ಚಿಯಲ್ಲಿ ತೂಕಡಿಸುತ್ತಾರೆ, ಪಾಠ ತಾನೇ ನಡೆಯುತ್ತದೆ. ಕಾಯಿಪಲ್ಲೆ ಮಾರುವವರು ದಿನಾ ಜಾಗ ಬದಲಿಸಿ ಕೂರುತ್ತಾರೆ, ಇಲ್ಲದಿದ್ದರೆ ನಿನ್ನೆಯ ದರ ಕೂಗಿದ್ದು ಕೇಳಿ ಗಿರಾಕಿಗಳು ಇವತ್ತೂ ಅದೇ ದರಕ್ಕೆ ಕೊಡು ಎಂದು ಜೀವ ತಿನ್ನುತ್ತಾರೆ. ಇಂಥ ಊರಲ್ಲಿ ಹುಟ್ಟಿ ಬೆಳೆದ ಗಂಡಸು ಮಾತು ಕಡಿಮೆ ಮಾಡದೆ ಏನು ಮಾಡಿಯಾನು? ನನ್ನ ಗಂಡ ಸೌಟು ಎತ್ತಿದರೆ ಹೌದು, ಇಳಿಸಿದರೆ ಇಲ್ಲ.

ನಾನು ಹೊರಗಿನ ಊರಿನಿಂದ ಮದುವೆಯಾಗಿ ಬಂದವಳು, ಬಾಯಿ ಜೋರು. ನಾನು ಗಂಡನ ಮೇಲೆ ರೇಗಿದ್ದು ಮರುದಿನ ತಿರುಗಿ ಬರುವ ಹೊತ್ತಿಗೆ ಅತ್ತೆ ಎಲೆ ಅಡಿಕೆ ಮಡಚಿಕೊಂಡು ತಯಾರಾಗಿ ಕೂತಿರುತ್ತಿದ್ದರು, ನಾಟಕ ನೋಡಲು ಬಂದವರಂತೆ. ನಡುನಡುವೆ ಟೀಕೆಯನ್ನೂ ಮಾಡುತ್ತಿದ್ದರು. ಒಂದು ದಿನ ನಾನು ಅತ್ತಿದ್ದು ನೋಡಿ ಗಂಡ ನನ್ನ ಕೈ ಹಿಡಿದು ಗಡಿಕಲ್ಲು ದಾಟಿಸಿ ಕರೆದೊಯ್ದರು. ಅಲ್ಲಿ ಒಂದು ಬೇವಿನ ಮರದ ಕೆಳಗೆ ಕೂತು ಮನಸಾರೆ ಬೈದಾಡಿದೆ. ಮರುದಿನ ಯಾರಿಗೂ ಏನೂ ಕೇಳಲಿಲ್ಲ. ನಮ್ಮನ್ನು ನೋಡಿ ಇನ್ನೊಂದು ಜೋಡಿ ಬಂತು, ಆಮೇಲೆ ಅಣ್ಣತಮ್ಮಂದಿರು ಬಂದರು, ಆಮೇಲೆ ಗುಟ್ಟಾಗಿ ಹುಡುಗಿ ನೋಡುವವರು ಬಂದರು. ಬೈದಾಡಿದವರ ಗಂಟಲು ಒಣಗುತ್ತದಲ್ಲ, ನಾವು ಚಹಾ ಇಟ್ಟೆವು. ಹೋಟೆಲ್ಲಾಯಿತು. ಸಾಲಾಗಿ ತಗಡಿನ ಗೂಡುಗಳನ್ನು ಕಟ್ಟಿಸಿದೆವು, ಜನ ಅವನ್ನು ಜಗಳದ ಗೂಡು ಎಂದೇ ಕರೆದರು. ಗೂಡಿನಲ್ಲಿ ಯಾರಾದರೂ ಕೂತರೆ ನಾನು ರೇಡಿಯೋದ ದನಿ ಪೂರ್ತಿ ಏರಿಸಿಬಿಡುತ್ತಿದ್ದೆ. ಕೇಳಬಾರದ್ದನ್ನು ಕೇಳಬಾರದು, ಅದು ನಮ್ಮ ದಂಧೆಯ ಧರ್ಮ.

ಮಾತಿಗೆ ಹೆದರುವ ಊರಿಗೆ ಮಾತಾಡಲು ಒಂದು ಜಾಗ ಕೊಟ್ಟವಳು ನಾನು ಎಂಬ ಜಂಬ ನನಗೆ ಮೊದಲಿನಿಂದ ಇತ್ತು. ನಮಗೆ ಮಕ್ಕಳಿಲ್ಲ. ಈ ಹೋಟೆಲ್ಲು ಹೋದರೆ ನನಗೆ ಬೇರೆ ಏನೂ ಇಲ್ಲ, ಇದು ನೇರವಾದ ಮಾತು.

ಜಮೀನು ಸೇರಿಸಿಕೊಳ್ಳುವ ಠರಾವು ಮಂಡಿಸಿದ ದಿನ ಪುರಸಭೆಯ ಗ್ಯಾಲರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನೂ ಹೋಗಿದ್ದೆ. ಅಧ್ಯಕ್ಷ ಚನ್ನವೀರಪ್ಪ ಪಾವಟೆಯವರು ಗೋಡೆಗೆ ನಕಾಶೆ ತೂಗುಹಾಕಿಸಿ, ಕೋಲು ಹಿಡಿದು, ಇಲ್ಲಿ ಮಾರುಕಟ್ಟೆ, ಇಲ್ಲಿ ಬಸ್ ನಿಲ್ದಾಣ, ಇಲ್ಲಿ ಕಲ್ಯಾಣ ಮಂಟಪ ಎಂದು ತೋರಿಸುತ್ತಿದ್ದರೆ ನಮಗೆ ಆ ಕಾಗದದ ಮೇಲೆಯೇ ದೀಪ ಹತ್ತಿದಂತಾಯಿತು. ವಿರೋಧ ಪಕ್ಷದ ತುಕಾರಾಮಪ್ಪ ಮೇಜು ಗುದ್ದಿ, ಇದರಲ್ಲಿ ಕಪಟವಿದೆ ಎಂದು ಕೂಗಿದರು. ಇವರಿಬ್ಬರೂ ಸಭೆಯಲ್ಲಿ ಹಾವು ಮುಂಗುಸಿ. ಇವರ ಜಗಳದ ಮರುದನಿ ಕೇಳಲು ಜನ ಮರುದಿನ ಚುರುಮುರಿ ಕಟ್ಟಿಸಿಕೊಂಡು ಬರುತ್ತಿದ್ದರು. ಸಂಜೆಗೆ ಮಾತ್ರ ಇಬ್ಬರೂ ನನ್ನ ಕೊನೆಯ ಗೂಡಿನಲ್ಲಿ ಒಂದೇ ತಾಟಿನಿಂದ ಮಿರ್ಚಿ ಭಜಿ ತಿನ್ನುತ್ತಿದ್ದರು. ಅದು ನನಗೆ ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ.

ಆಗ ಗ್ಯಾಲರಿಯಿಂದ ಹುಸೇನಬಿ ಎದ್ದು ನಿಂತಳು. ನೇಕಾರ ಓಣಿಯ ಮುದುಕಿ, ಸೊಸೆಯನ್ನು ಬೈಯಬೇಕೆನಿಸಿದಾಗಲೆಲ್ಲ ನನ್ನ ಎರಡನೇ ಗೂಡಿಗೆ ಬರುವವಳು. ಒಮ್ಮೊಮ್ಮೆ ಸೊಸೆಯಿಲ್ಲದೆ ಒಬ್ಬಳೇ ಬಂದು ಗೋಡೆಗೆ ಬೈದು ಹೋಗುತ್ತಿದ್ದಳು.

“ಅಧ್ಯಕ್ಷರ, ಹೈವೇ ಊರಾಗ ಬಂದ್ರ ಮರುದನಿನೂ ಅಲ್ಲಿಗೆ ಬರ್ತೈತೆಲ್ಲ? ಆಮ್ಯಾಲೆ ನಾವು ಎಲ್ಲಿ ಹೋಗಿ ಜಗಳಾಡೂದ್ರಿ?”

ಸಭೆ ಗೊಳ್ಳೆಂದು ನಕ್ಕಿತು, ಆಮೇಲೆ ಎಲ್ಲರೂ ಅಧ್ಯಕ್ಷರ ಕಡೆ ತಿರುಗಿದರು. ನಿಜವಾಗಿ ಆ ಮಾತು ಯಾರಿಗೂ ಹೊಳೆದಿರಲಿಲ್ಲ. ನನಗೂ! ನಳದ ಕನಸಿನಲ್ಲಿ ನನ್ನ ತಲೆ ಕೆಟ್ಟಿತ್ತು.

ಅಧ್ಯಕ್ಷರು ಕೋಲು ಕೆಳಗಿಟ್ಟು ನಕ್ಕರು. “ಯವ್ವಾ, ನಿಮ್ಮ ಓಣಿ ಊರಿಗೆ ಸೇರಿದ್ದು ಹ್ಯಾಂಗ, ನೆನಪೈತೇನು? ನಮ್ಮ ಅಜ್ಜಂದ್ರು ಗಡಿಕಲ್ಲು ಕಿತ್ತು, ಚಕ್ಕಡ್ಯಾಗ ಹೇರಿಕೊಂಡು ಹೋಗಿ ಓಣಿ ಆಚಿಗೆ ನೆಟ್ಟ್ರು. ನೆಟ್ಟ ದಿನದಿಂದ ಅಲ್ಲಿ ಮರುದನಿ ಬಂತು. ಅಂದ್ರ ಕಲ್ಲು ಎಲ್ಲಿತನಕ, ಮರುದನಿ ಅಲ್ಲಿತನಕ. ಈ ಸಲ ನಾವು ಕಲ್ಲಿಗೆ ಕೈ ಹಚ್ಚೂದ ಇಲ್ಲ! ಠರಾವಿನಾಗ ಗಡಿ ಮುಂದ ಹೋಗ್ತೈತಿ, ಕಲ್ಲು ಇದ್ದಲ್ಲೇ ಇರ್ತೈತಿ. ನಳಾ ಬರ್ತೈತಿ, ಮರುದನಿ ಬರಂಗಿಲ್ಲ.”

ಎಂಥಾ ಚಪ್ಪಾಳೆ! ತುಕಾರಾಮಪ್ಪನವರೂ ಮೇಜು ಗುದ್ದುವುದನ್ನು ನಿಲ್ಲಿಸಿ ಕೈ ಎತ್ತಿದರು. ಎಲ್ಲ ಕೈಗಳೂ ಎದ್ದವು. ಮುಖ್ಯಾಧಿಕಾರಿ ನಿಯಮ ಓದಿದರು: ಸೇರಿಸಿಕೊಂಡ ಜಾಗದಲ್ಲಿ ವಾಸವಿರುವವರು ಮುಂದಿನ ಸಭೆಯಲ್ಲಿ ಆಕ್ಷೇಪಣೆ ಎತ್ತಿದರೆ ಠರಾವು ರದ್ದು, ಅಲ್ಲಿಯವರೆಗೆ ಜಾರಿ. ಆ ಜಾಗದಲ್ಲಿ ಮನೆ ಮಾಡಿಕೊಂಡು ಇರುವವರು ನಾವಿಬ್ಬರೇ. ನಮ್ಮ ಪಕ್ಕದ ಪಂಕ್ಚರ್ ಅಂಗಡಿಯ ಮಾಬೂ ರಾತ್ರಿ ಊರಿಗೆ ಹೋಗುತ್ತಾನೆ.

“ಕಾಶವ್ವಾ, ನಿನ್ನದೇನೂ ಆಕ್ಷೇಪಣೆ ಇಲ್ಲಲ್ಲ?” ಎಂದು ಅಧ್ಯಕ್ಷರು ಗ್ಯಾಲರಿಯತ್ತ ನೋಡಿ ಕೇಳಿದರು.

“ಏನೂ ಇಲ್ರಿ! ಮೊದಲ ನಳಾ ಹಾಕ್ಸ್ರಿ!” ಎಂದು ಕೂಗಿದೆ. ಜನ ಮತ್ತೆ ನಕ್ಕರು. ನಾನು ಮನೆಗೆ ನಡೆದು ಬರಲಿಲ್ಲ, ಹಾರಿಕೊಂಡೇ ಬಂದೆ.

ಆ ಸಂಜೆ ಹೋಟೆಲ್ಲಿನಲ್ಲಿ ಹಬ್ಬವೇ ಹಬ್ಬ. ಎಲ್ಲ ಗೂಡುಗಳೂ ತುಂಬಿದ್ದವು. ಅಧ್ಯಕ್ಷರೂ ತುಕಾರಾಮಪ್ಪನವರೂ ಬೇರೆ ಬೇರೆ ದಾರಿಯಿಂದ ಬಂದು ಕೊನೆಯ ಗೂಡು ಸೇರಿದರು. ಹುಸೇನಬಿ ಎರಡನೇ ಗೂಡಿನಲ್ಲಿ ಗೋಡೆಗೆ ಮಾತಾಡುತ್ತಿದ್ದಳು. ನಾನು ರೇಡಿಯೋ ಏರಿಸಿ, ಹಾಡಿನ ಜೊತೆ ನಾನೂ ಗುನುಗುತ್ತ ಮಿರ್ಚಿ ಕರಿದೆ, ತಾಟಿನ ಮೇಲೆ ತಾಟು. ಒಳಗೆ ಹೋಗಿ ಇಡುವಾಗ ಅಧ್ಯಕ್ಷರು, “ನಾಳೆ ನಿನ್ನ ಹೋಟ್ಲ ಮುಂದನ ಉದ್ಘಾಟನೆ, ನಿನಗ ಸನ್ಮಾನ,” ಎಂದರು. ನನಗೆ ಸನ್ಮಾನ! ಗಂಡನಿಗೆ ಹೇಳಿದೆ. ಅವರು ಸೌಟು ಎತ್ತಲೂ ಇಲ್ಲ, ಇಳಿಸಲೂ ಇಲ್ಲ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಹೋಟೆಲ್ಲಿನ ಮುಂದೆ ಪೆಂಡಾಲು ಎದ್ದಿತು. ಬ್ಯಾಂಡಿನವರು ಬಂದರು, ಬಲೂನು ಮಾರುವವರು ಬಂದರು, ಇಡೀ ಊರು ಬಂತು. ಮುಖ್ಯ ಅತಿಥಿಗಳು ಬರುವುದು ತಡವಾಯಿತು, ಯಾವಾಗ ತಡವಾಗುವುದಿಲ್ಲ? ಬಿಸಿಲಲ್ಲಿ ಮುಗಿಯಬೇಕಾದ ಕಾರ್ಯಕ್ರಮ ಹೊತ್ತು ಇಳಿದ ಮೇಲೆ ಶುರುವಾಯಿತು. ಅಧ್ಯಕ್ಷರು ರಿಬ್ಬನ್ ಕತ್ತರಿಸಿದರು, ತೆಂಗಿನಕಾಯಿ ಒಡೆದರು. ಆಮೇಲೆ ನನ್ನನ್ನು ಸ್ಟೇಜಿಗೆ ಕರೆದರು. ನಾನು ಮದುವೆಯ ಸೀರೆ ಉಟ್ಟಿದ್ದೆ. ಜರಿಯಂಚಿನ ಶಾಲು ನನ್ನ ಹೆಗಲ ಮೇಲೆ ಬಿತ್ತು. ಜನ ಚಪ್ಪಾಳೆ ತಟ್ಟಿದರು, ನನ್ನ ಕಣ್ಣು ತುಂಬಿ ಬಂತು.

ಚಪ್ಪಾಳೆ ನಿಂತಿತ್ತು. ಅಧ್ಯಕ್ಷರು ಭಾಷಣಕ್ಕೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಆಗ ಖಾಲಿಯಿದ್ದ ಕೊನೆಯ ಗೂಡಿನೊಳಗಿಂದ ತುಕಾರಾಮಪ್ಪನವರ ದನಿ ಬಂತು.

“ಆ ಹೋಟ್ಲ ಜಾಗಾ ಒಂದು ನನಗ ಬೇಕ ನೋಡ್ರಿ. ಪೆಟ್ರೋಲ್ ಬಂಕಿಗೆ ಅದಕಿಂತ ಚಲೋ ಜಾಗಾ ಇಲ್ಲ.”

ತುಕಾರಾಮಪ್ಪ ಸ್ಟೇಜಿನ ಮೇಲೆ ಬಾಯಿ ಮುಚ್ಚಿಕೊಂಡೇ ಕೂತಿದ್ದರು. ನಿನ್ನೆ ಅದನ್ನು ಮುಚ್ಚಿದ್ದ ರೇಡಿಯೋದ ಹಾಡು ಇವತ್ತು ಇರಲಿಲ್ಲ. ಒಂದೊಂದು ಅಕ್ಷರವೂ ಸ್ವಚ್ಛವಾಗಿ ಕೇಳುತ್ತಿತ್ತು. ಈಗ ಅಧ್ಯಕ್ಷರ ದನಿ ಬಂತು.

“ತಗೋ ಮಾರಾಯಾ, ಯಾರು ಬ್ಯಾಡ ಅಂತಾರ? ನಳಾ ಬರ್ತೈತಿ ಅಂತ ಆಕಿ ಕುಣದಾಡಾಕತ್ತಾಳ. ಆಕ್ಷೇಪಣೆ ವಾಯಿದೆ ಮುಗೀಲಿ, ರಸ್ತೆ ಅಗಲ ಮಾಡೂದೈತಿ ಅಂತ ನೋಟೀಸ್ ಕೊಟ್ಟು ಎಬ್ಬಿಸಿಬಿಡೂಣು.”

“ಆಕಿ ಬಾಯಿ ಭಾಳ ಜೋರ್ ಐತ್ರಿ.”

“ಬಾಯಿ ದೊಡ್ಡದು, ಬುದ್ಧಿ ಸಣ್ಣದು. ನಾಳೆ ಸ್ಟೇಜ್ ಮ್ಯಾಲೆ ಒಂದು ಶಾಲು ಹೊಚ್ಚಿದ್ರ ಮುಗೀತು.”

ಶಾಲು ನನ್ನ ಹೆಗಲ ಮೇಲೆ ಬೆಂಕಿಯಂತೆ ಸುಡತೊಡಗಿತು. ಅಧ್ಯಕ್ಷರು ಮೈಕು ಹಿಡಿದು, “ಇದು ಮಿಮಿಕ್ರಿ! ಯಾರೋ ಆಗದವರು ಮಿಮಿಕ್ರಿ ಮಾಡಾಕತ್ತಾರ!” ಎಂದು ಕೂಗಿದರು. ಅಷ್ಟರಲ್ಲಿ ಎರಡನೇ ಗೂಡಿನಿಂದ ಹುಸೇನಬಿಯ ದನಿ ಸೊಸೆಯ ಸಾರನ್ನು ತೌಡು ನೀರು ಎಂದು ಹಳಿಯತೊಡಗಿತು. ಸೊಸೆ ಪಕ್ಕದಲ್ಲೇ ನಿಂತಿದ್ದಳು. ಮೂರನೇ ಗೂಡಿನಿಂದ ಪ್ರಾಥಮಿಕ ಶಾಲೆಯ ಮಾಸ್ತರರ ದನಿ ಯಾರನ್ನೋ ಚಿನ್ನ ಎಂದು ಕರೆಯಿತು. ಮುಂದಿನ ಸಾಲಿನಲ್ಲಿದ್ದ ಅವರ ಹೆಂಡತಿ ತಿರುಗಿ ನೋಡಿದರು. ಜನ ಎದ್ದು ಓಡಾಡತೊಡಗಿದರು. ಗಡಿಕಲ್ಲು ಇದ್ದಲ್ಲೇ ಇತ್ತು, ಕೆಲವರು ಹೋಗಿ ನೋಡಿಕೊಂಡು ಬಂದರು. ಕಲ್ಲು ಮಿಸುಕಿರಲಿಲ್ಲ, ಆದರೂ ಮರುದನಿ ಬಂದಿತ್ತು. ಅದಕ್ಕೆ ಕಲ್ಲು ಬೇಕಿರಲಿಲ್ಲ, ಠರಾವೇ ಸಾಕಾಗಿತ್ತು.

ನಾನು ಶಾಲು ತೆಗೆದು ನಾಲ್ಕು ಮಡಿಕೆ ಮಾಡಿ, ಸ್ಟೇಜಿನಿಂದಿಳಿದು ಒಲೆಯ ಹತ್ತಿರ ಹೋಗಿ, ಆ ಶಾಲಿನಿಂದಲೇ ಕುದಿಯುವ ಚಹಾದ ಪಾತ್ರೆ ಹಿಡಿದು ಇಳಿಸಿದೆ. ದಪ್ಪ ಶಾಲು, ಕೈ ಸುಡಲಿಲ್ಲ.

ಮರುದಿನದಿಂದ ಜನ ನನ್ನ ಬೆನ್ನು ಹತ್ತಿದರು. ಯಾರೂ ಬಾಯಿಬಿಟ್ಟು ಕೇಳುವಂತಿಲ್ಲ. ಹೀಗಾಗಿ ಕೈ ಮುಗಿಯುತ್ತಾರೆ, ಪುರಸಭೆಯ ದಿಕ್ಕಿಗೆ ಬೊಟ್ಟು ಮಾಡುತ್ತಾರೆ, ಬೇಡ ಎಂದು ಕೈಯಾಡಿಸುತ್ತಾರೆ. ಆಕ್ಷೇಪಣೆ ಎತ್ತು, ಜಾಗ ಮೊದಲಿನಂತೆ ಹೊರಗೇ ಇರಲಿ ಎಂಬುದು ಎಲ್ಲರ ಬೇಡಿಕೆ. ಅಧ್ಯಕ್ಷರೇ ಒಂದು ಬೆಳಿಗ್ಗೆ ಬಂದು, ಬಾ ಎಂದು ಸನ್ನೆ ಮಾಡಿ, ಹೆದ್ದಾರಿಯ ಉದ್ದಕ್ಕೂ ಮುಂದೆ ಮುಂದೆ ನಡೆದರು. ಹೊಸ ಗಡಿ ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಹೋಗಿ ಮಾತಾಡೋಣ ಎಂದು ಅವರ ಲೆಕ್ಕ. ಬಿಸಿಲಲ್ಲಿ, ಲಾರಿಗಳ ಗಾಳಿಗೆ ಧೋತರ ಹಿಡಿದುಕೊಂಡು ಹೋಗುತ್ತಿದ್ದ ಅವರನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ.

“ಅಧ್ಯಕ್ಷರ, ಹೇಳೂದು ಇದ್ರ ಇಲ್ಲೇ ಹೇಳ್ರಿ!” ಎಂದು ನಿಂತಲ್ಲಿಂದಲೇ ಕೂಗಿದೆ. ಅವರು ತುಟಿ ಮೇಲೆ ಬೆರಳಿಟ್ಟುಕೊಂಡು ವಾಪಸು ಹೋದರು.

ನಗು ಆ ಕ್ಷಣಕ್ಕೆ ಮಾತ್ರ. ಒಳಗೆ ನನಗೆ ಭಯವಾಗಿತ್ತು. ಆಕ್ಷೇಪಣೆ ಎತ್ತಿದರೆ ನನ್ನ ಗೂಡುಗಳು ಮತ್ತೆ ತುಂಬುತ್ತವೆ. ಆದರೆ ಅವೇ ಗೂಡುಗಳಲ್ಲಿ ಕೂತು ಇವರು ಇನ್ನೊಂದು ದಿನ ನನ್ನ ಜಾಗಕ್ಕೆ ಇನ್ನೊಂದು ಉಪಾಯ ಹೂಡುತ್ತಾರೆ, ನಾನು ರೇಡಿಯೋ ಏರಿಸಿ ಮಿರ್ಚಿ ಕರಿಯುತ್ತಿರುತ್ತೇನೆ. ಎತ್ತದಿದ್ದರೆ ಜಾಗವೇನೋ ಎಲ್ಲರ ಕಿವಿಗಳ ಕಾವಲಿನಲ್ಲಿ ಉಳಿಯುತ್ತದೆ, ಆದರೆ ಗಿರಾಕಿ ಯಾಕೆ ಬರುತ್ತಾರೆ? ಅವರು ಬರುತ್ತಿದ್ದದ್ದು ನನ್ನ ಚಹಾಕ್ಕಲ್ಲ ಎಂದು ನನಗೆ ಗೊತ್ತು. ಏನು ಮಾಡಲಿ ಎಂದು ಗಂಡನನ್ನು ಕೇಳಿದೆ. ಅವರು ಸೌಟನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋಗಿ ಕೂತರು. ನಿನ್ನಿಷ್ಟ ಎಂದು ಅದರರ್ಥ. ನನಗೆ ಸಿಟ್ಟು ಬಂತು. ಇಂಥ ಹೊತ್ತಿನಲ್ಲಾದರೂ ಒಂದು ಮಾತಾಡಬಾರದೇ?

ಸಭೆಯ ದಿನ ಗ್ಯಾಲರಿ ತುಂಬಿ ಜನ ಕಿಟಕಿಗಳ ಮೇಲೆ ಕೂತಿದ್ದರು. ಮುಖ್ಯಾಧಿಕಾರಿ ನನ್ನ ಹೆಸರು ಕರೆದರು. ಅಧ್ಯಕ್ಷರೂ ತುಕಾರಾಮಪ್ಪನವರೂ ಮೊದಲ ಬಾರಿಗೆ ಒಂದೇ ರೀತಿ ನಗುತ್ತ ನನ್ನನ್ನೇ ನೋಡುತ್ತಿದ್ದರು. ನಾನು ಸೆರಗು ಬಿಗಿದು ಮೈಕಿನ ಮುಂದೆ ಹೋಗಿ ನಿಂತೆ.

“ನನ್ನದು ಆಕ್ಷೇಪಣೆ ಇಲ್ಲ,” ಎಂದೆ.

ಗದ್ದಲವೋ ಗದ್ದಲ. ಮುಖ್ಯಾಧಿಕಾರಿ ಗಂಟೆ ಬಾರಿಸಿ ಬಾರಿಸಿ ಸೋತರು. ನಾನು ಗದ್ದಲದ ಮೇಲೆಯೇ ಮಾತಾಡಿದೆ, ನನ್ನ ಬಾಯಿ ದೊಡ್ಡದಲ್ಲವೇ?

“ಇಷ್ಟು ವರ್ಷ ನೀವು ಇಲ್ಲಿ ಒಂದು ಹೇಳಿ, ನನ್ನ ಹೋಟ್ಲಾಗ ಒಂದು ಹೇಳಿದ್ರಿ. ನನಗ ಕೇಳಬಾರದು ಅಂತ ನಾನ ರೇಡಿಯೋ ಹಚ್ಚಿದೆ. ಅದ ರೇಡಿಯೋದ ಕೆಳಗ ಕುಂತು ನನ್ನ ಹೋಟ್ಲಾ ಕೆಡವೂದು ಮಾತಾಡಿದ್ರಿ, ಅದಕ್ಕ ನಾನ ಮಿರ್ಚಿ ಕರದು ಕೊಟ್ಟೆ! ಇನ್ನ ಅದು ಸಾಕು. ಜಾಗಾ ಊರಾಗ ಇರ್ಲಿ. ಆದ್ರ ಇಲ್ಲೇ, ಈಗ, ಒಬ್ಬೊಬ್ಬರ ಎದ್ದು ನಿಂತು ಹೇಳ್ರಿ, ಕಾಶವ್ವನ ಹೋಟ್ಲಿಗೆ ಕೈ ಹಚ್ಚಂಗಿಲ್ಲ ಅಂತ. ನಾಳೆ ಈ ಹೊತ್ತಿಗೆ ಬಂದು ಇನ್ನೊಮ್ಮೆ ಕೇಳ್ತೀನಿ.”

“ಹೇಳ್ರಿ! ಹೇಳ್ರಿ!” ಎಂದು ಕಿಟಕಿಯವರು ಕೂಗಿದರು. ಸದಸ್ಯರು ಒಬ್ಬೊಬ್ಬರಾಗಿ ಎದ್ದರು, ಹೇಳಿದರು. ತುಕಾರಾಮಪ್ಪ ಗೊಣಗಿದರು, ಜೋರಾಗಿ ಹೇಳಿಸಿದೆ. ಅಧ್ಯಕ್ಷರು ಎಲ್ಲರಿಗಿಂತ ಜೋರಾಗಿ ಹೇಳಿ, ಮೇಲೆ ನಳವನ್ನೂ ಸೇರಿಸಿದರು. ಅವರಿಗೆ ಚುನಾವಣೆ ಹತ್ತಿರವಿತ್ತು.

ಹುಸೇನಬಿ ಗ್ಯಾಲರಿಯಲ್ಲಿ ಅಳುತ್ತಿದ್ದಳು. “ನಾ ಎಲ್ಲಿ ಹೋಗಿ ಬೈಲಿ, ಯವ್ವಾ?”

“ನನ್ನ ಹೋಟ್ಲಾಗ ಬಂದು ಬೈ. ಮರುದಿನ ಸೊಸೀನ್ನ ಕರಕೊಂಡು ಬಂದು ಇಬ್ರೂ ಕುಂತು ಕೇಳ್ರಿ. ಚಹಾ ನಾ ಕೊಡ್ತೀನಿ,” ಎಂದೆ. ಯಾರೂ ನಗಲಿಲ್ಲ.

ಗೆದ್ದೆ ಎಂದು ಮನೆಗೆ ಬಂದೆ. ಮಾತು ಕೊಟ್ಟಂತೆ ನಳವೂ ಬಂತು, ತಿರುಗಿಸಿದರೆ ಭರ್ ಎಂದು ನೀರು. ಗಿರಾಕಿ ಮಾತ್ರ ಬರಲಿಲ್ಲ. ಒಂದು ದಿನ ಬರಲಿಲ್ಲ, ಮರುದಿನವೂ ಬರಲಿಲ್ಲ. ಲಾರಿಯವರು ನಿಲ್ಲಿಸಿ ಒಂದು ಚಹಾ ಕುಡಿದು ಹೋಗುತ್ತಿದ್ದರು. ಊರಿನವರು ಗೂಡುಗಳ ಕಡೆ ನೋಡದೆ, ತುಟಿ ಬಿಗಿದುಕೊಂಡು ಮುಂದೆ ನಡೆಯುತ್ತಿದ್ದರು. ಹಾಲು ಕೆಟ್ಟು ಚೆಲ್ಲಬೇಕಾಯಿತು. ಹಿಟ್ಟು ಹುಳಿಯಾಯಿತು. ಒಂದು ಮಧ್ಯಾಹ್ನ ಖಾಲಿ ಬೆಂಚಿನ ಮೇಲೆ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತೆ. ನಾನೇ ನನ್ನ ಕೈಯಾರೆ ಹೋಟೆಲ್ಲನ್ನು ಕೊಂದೆ ಎನಿಸಿತು.

ಯಾರೋ ಕುರ್ಚಿ ಎಳೆದ ಸದ್ದಾಯಿತು. ನೋಡಿದರೆ ನನ್ನ ಗಂಡ. ಅಡುಗೆಮನೆಯಿಂದ ಬಂದು, ಹೋಟೆಲ್ಲಿನ ನಟ್ಟನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೈಯಲ್ಲಿ ಸೌಟು ಇರಲಿಲ್ಲ.

“ಕಾಶಾ,” ಎಂದರು. ಮದುವೆಯಾದಾಗಿನಿಂದ ಅವರು ನನ್ನ ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ. “ಅವತ್ತ ಸಭಾದಾಗ ನೀ ಮಾತಾಡಿದ್ದು ನಾ ಕಿಟಕ್ಯಾಗ ಕುಂತು ಕೇಳಿದೆ. ನನ್ನ ಎದಿ ತುಂಬಿ ಬಂತು. ನಿನ್ನಂಥಾಕಿ ಈ ಊರಿಗೆ ಬಂದದ್ದು ಊರ ಪುಣ್ಯ. ನನ್ನ ಕೈ ಹಿಡದದ್ದು ನನ್ನ ಪುಣ್ಯ.”

ನಾನು ಗಾಬರಿಯಾಗಿ ಸುತ್ತ ನೋಡಿದೆ. ಪಂಕ್ಚರ್ ಅಂಗಡಿಯ ಮಾಬೂ ಟೈರು ಬಿಟ್ಟು ಬಾಯಿ ತೆರೆದು ನಿಂತಿದ್ದ. “ಸಣ್ಣಕ ಮಾತಾಡ್ರಿ! ನಾಳೆ ಈ ಹೊತ್ತಿಗೆ ಮಂದಿ ಬಂದು ಕುಂತಿದ್ರ ಏನು ಗತಿ?”

“ಬಂದು ಕುಂದರ್ಲಿ ಅಂತನ ಹೇಳಾಕತ್ತೀನಿ,” ಎಂದು ಅವರು ಇನ್ನಷ್ಟು ದನಿ ಏರಿಸಿದರು.

ಮಾಬೂ ಆ ರಾತ್ರಿ ಊರಿಗೆ ಹೋಗಿ ಸುಮ್ಮನಿರುತ್ತಾನೆಯೇ? ಮಾತಾಡಿದರೆ ಮರುದನಿ ಬರುತ್ತದೆ ಎಂಬ ಪರಿವೆಯೂ ಇಲ್ಲದೆ ಓಣಿ ಓಣಿಯಲ್ಲಿ ಹೇಳಿಕೊಂಡು ಬಂದನಂತೆ: ಈರಬಸಪ್ಪ ಮಾತಾಡಿದ! ಮರುದಿನ ಊಟದ ಹೊತ್ತು ಮುಗಿಯುವಷ್ಟರಲ್ಲಿ ಬೆಂಚುಗಳು ತುಂಬಿದವು, ಗೂಡುಗಳು ತುಂಬಿದವು, ಕಟ್ಟೆ ತುಂಬಿತು. ಹುಸೇನಬಿ ಸೊಸೆಯ ಕೈ ಹಿಡಿದುಕೊಂಡು ಎಲ್ಲರಿಗಿಂತ ಮುಂದೆ ಕೂತಿದ್ದಳು. ಮಾಸ್ತರರು ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು. ನಾನು ನಾಚಿಕೆಯಿಂದ ಮುಖ ಎಲ್ಲಿಡಬೇಕೆಂದು ತಿಳಿಯದೆ ಲೋಟ ತುಂಬುತ್ತಲೇ ಇದ್ದೆ. ಹೊತ್ತು ಬಂತು. ಖಾಲಿ ಕುರ್ಚಿಯಿಂದ ‘ಕಾಶಾ’ ಎಂಬ ದನಿ ಎದ್ದದ್ದೇ ಜನ ಲೋಟಗಳನ್ನು ಕೆಳಗಿಟ್ಟರು. ಎದೆ ತುಂಬಿದ್ದನ್ನು ಕೇಳಿದರು, ಊರ ಪುಣ್ಯವನ್ನು ಕೇಳಿದರು, ಅವರ ಪುಣ್ಯವನ್ನೂ ಕೇಳಿದರು. ನನ್ನ ಗಾಬರಿಯನ್ನೂ ಕೇಳಿ ನಕ್ಕರು. ದನಿ ನಿಂತಿತು. ಯಾರೂ ಏಳಲಿಲ್ಲ. ಹುಸೇನಬಿಯ ಸೊಸೆ ಅತ್ತೆಯ ಕಡೆ ತಿರುಗಿ, ನನ್ನ ಸಾರಿನ ವಿಷಯ ಈಗ ನನ್ನ ಮುಂದೆಯೇ ಹೇಳಿ ನೋಡೋಣ ಎಂಬಂತೆ ಸೊಂಟಕ್ಕೆ ಸೆರಗು ಸಿಕ್ಕಿಸುತ್ತಿದ್ದಳು.

ಅಷ್ಟರಲ್ಲಿ ನನ್ನ ಗಂಡ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು. ಮುಖ ಕೆಂಪಗಾಗಿತ್ತು. ಖಾಲಿ ಕುರ್ಚಿಯ ಮೇಲೆ ಕೂತು, ತುಂಬಿದ ಹೋಟೆಲ್ಲನ್ನೊಮ್ಮೆ ನೋಡಿ, ನನ್ನ ಕಡೆ ತಿರುಗಿದರು.

“ಇನ್ನೂ ಐತಿ,” ಎಂದರು.